24 ಎಂಟ್ರಿ, 1 ಕ್ಯಾಶ್: ಇದು ಬರೀ ನಸೀಬಾ, ಆಟದಲ್ಲೇ ತೂತು ಉಂಟಾ?

ಬಿಜೈ_ಬಟನ್, ಮಂಗಳೂರು

ಪಣಜಿಯ ಲೈವ್ ಪೋಕರ್ ಟೂರ್ನಮೆಂಟ್‌ಗಳ ಲೆಕ್ಕ ಹಾಕುತ್ತಿದ್ದೇನೆ, ತಿಳಿದವರು ನೋಡಿ ಹೇಳಿ. ಎಲ್ಲವೂ ನೋ ಲಿಮಿಟ್ ಹೋಲ್ಡೆಮ್ (ಕೈಯಲ್ಲಿ ಎರಡು ಎಲೆ, ಪಣಕ್ಕೆ ಮಿತಿ ಇಲ್ಲ). ಎಂಟ್ರಿ 10,000, ಅದರ ಮೇಲೆ ಫೀಸು 1,500. ಆರಂಭದ ಸ್ಟ್ಯಾಕ್ (ಕೈಯಲ್ಲಿರುವ ಚಿಪ್) 20,000. ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಹಾಕಲೇಬೇಕಾದ ಸ್ಮಾಲ್, ಬಿಗ್ ಪಣ) ಏರುವ ಲೆವೆಲ್ ಕೆಲವು ಕಡೆ 20 ನಿಮಿಷ, ಕೆಲವು ಕಡೆ 30. ಒಂದೊಂದರಲ್ಲಿ 80ರಿಂದ 120 ಎಂಟ್ರಿ, ನೂರಕ್ಕೆ 15 ಜಾಗಕ್ಕೆ ಬಹುಮಾನ.

ರೀ-ಎಂಟ್ರಿ (ಹೊರಬಿದ್ದು ಮತ್ತೆ ದುಡ್ಡು ಕಟ್ಟಿ ಕೂತದ್ದು) ಸೇರಿ ಒಟ್ಟು 24 ಎಂಟ್ರಿ. ಕ್ಯಾಶ್, ಅಂದರೆ ಬಹುಮಾನ ಸಿಕ್ಕದ್ದು, ಒಂದೇ, ಅದೂ ಕೊನೆಯ ಬಹುಮಾನ, 18,000. ಉಳಿದ 23 ಸಲ ಹೊರಬಿದ್ದದ್ದು ಹೀಗೆ:

12 ಬಿಗ್ ಬ್ಲೈಂಡ್‌ಗಿಂತ ಕಡಿಮೆ ಉಳಿದ ಮೇಲೆ: 9
ಜೋಡಿ ವಿರುದ್ಧ ಏಸ್-ಕಿಂಗ್ ತರಹದ ಸಮಬಲದ ಆಲ್ ಇನ್ (ಇದ್ದ ಚಿಪ್ ಎಲ್ಲ ಹಾಕಿದ್ದು): 6
ಏಸ್ ಜೋಡಿ ಅಥವಾ ಕಿಂಗ್ ಜೋಡಿ ಒಡೆದದ್ದು: 3
ಬಬಲ್ (ಬಹುಮಾನದ ಜಾಗ ಶುರುವಾಗುವ ಗಡಿ) ಹತ್ತಿರ ಕಾಲ್ ಮಾಡಿ (ಎದುರಿನವರ ಪಣಕ್ಕೆ ಸಮ ಹಾಕಿ): 3
ಮೊದಲ ನಾಲ್ಕು ಲೆವೆಲ್‌ನಲ್ಲಿ ಬ್ಲಫ್ ಸಿಕ್ಕಿಬಿದ್ದು: 2

ಇದನ್ನು ನೋಡಿ ಆಟ ಸರಿ ಉಂಟಾ ಇಲ್ಲವಾ ಎಂದು ಹೇಳಲು ಆಗುತ್ತದಾ? ಆಗುವುದಾದರೆ ಎಲ್ಲಿಂದ ಸರಿಪಡಿಸಲು ಶುರು ಮಾಡುವುದು? ನಿಜ ಹೇಳಬೇಕೆಂದರೆ ಸಾಕುಬೇಕಾಗಿ ಹೋಗಿದೆ.

ಕಂಕನಾಡಿ_ಲೆಕ್ಕ

ಮೊದಲು ಬರೀ ಗಣಿತ. ನೂರಕ್ಕೆ 15 ಜಾಗಕ್ಕೆ ಬಹುಮಾನ ಎಂದರೆ ಸಾಧಾರಣ ಆಟಗಾರನಿಗೆ ಒಂದು ಎಂಟ್ರಿಯಲ್ಲಿ ಕ್ಯಾಶ್ ಆಗುವ ಸಾಧ್ಯತೆ ಶೇ. 15. ಅಂಥವರಿಗೆ 24 ಎಂಟ್ರಿಯಲ್ಲಿ ಒಂದೋ ಸೊನ್ನೆಯೋ ಕ್ಯಾಶ್ ಬರುವ ಸಾಧ್ಯತೆ ಶೇ. 10.6. ಅಂದರೆ ಒಂದೇ ಮಟ್ಟದ ಹತ್ತು ಮಂದಿ ಆಡಿದರೆ ಒಬ್ಬರ ಲೆಕ್ಕ ನಿಮ್ಮದರಂತೆಯೇ ಇರುತ್ತದೆ. ಶೇ. 18 ಕ್ಯಾಶ್ ಮಾಡುವ ಒಳ್ಳೆಯ ಆಟಗಾರನಿಗೂ ಇದು ಶೇ. 5ರಷ್ಟು ಉಂಟು. ಹಾಗಾಗಿ 24ಕ್ಕೆ 1 ಎನ್ನುವ ಅಂಕಿಯೊಂದನ್ನೇ ಹಿಡಿದು ಆಟ ಕೆಟ್ಟಿದೆ ಎನ್ನುವುದಕ್ಕೂ ಆಗುವುದಿಲ್ಲ, ಸರಿ ಉಂಟು ಎನ್ನುವುದಕ್ಕೂ ಆಗುವುದಿಲ್ಲ.

ಇನ್ನೊಂದು ಲೆಕ್ಕ. ಶೇ. 15ರವನು 100 ಟೂರ್ನಮೆಂಟ್ ಆಡಿದರೆ ಅದರೊಳಗೆ ಎಲ್ಲೋ ಒಂದು ಕಡೆ ಸತತ 20 ಸಲ ಖಾಲಿ ಕೈ ಬರುವ ಸಾಧ್ಯತೆ ಸುಮಾರು ಶೇ. 40. ಇಷ್ಟು ಉದ್ದದ ಬರಗಾಲ ಈ ಆಟದ ಗುಣವೇ. ಲಾಸ್ ವೇಗಸ್‌ನ ಪೋಕರ್ ವಿಶ್ವ ಸರಣಿಯ ಮುಖ್ಯ ಟೂರ್ನಮೆಂಟ್‌ನಲ್ಲಿ 2023ರಲ್ಲಿ 10,043 ಎಂಟ್ರಿ, ಬಹುಮಾನ 1,507 ಜಾಗಕ್ಕೆ. ಅಲ್ಲಿಯೂ ಅದೇ ಶೇ. 15. ಎಂಟೂವರೆ ಸಾವಿರ ಎಂಟ್ರಿ ಬರಿಗೈ.

ಇನ್ನು ಎಲೆಗಳ ಲೆಕ್ಕ. ಲೈವ್‌ನಲ್ಲಿ ಗಂಟೆಗೆ 25ರಿಂದ 30 ಹ್ಯಾಂಡ್ (ಎಲೆ ಹಂಚಿದ ಒಂದೊಂದು ಆಟ). ಒಂದು ಎಂಟ್ರಿ ಸರಾಸರಿ ನಾಲ್ಕು ಗಂಟೆ ಬಾಳಿತು ಎಂದುಕೊಂಡರೆ 24 ಎಂಟ್ರಿಗೆ ಸುಮಾರು 2,400 ಹ್ಯಾಂಡ್. ಏಸ್ ಜೋಡಿ ಬರುವುದು 221ಕ್ಕೆ ಒಂದು ಸಲ, ಅಂದರೆ ಇಡೀ ಲೆಕ್ಕದಲ್ಲಿ 11 ಸಲ. ಏಸ್-ಕಿಂಗ್ 83ಕ್ಕೆ ಒಂದು, ಅಂದರೆ 29 ಸಲ. ಇಷ್ಟು ಕಡಿಮೆ ಸಂಖ್ಯೆಯಲ್ಲಿ ಎರಡು ಮೂರು ಕಡೆ ರಿವರ್ (ಕೊನೆಯ ಎಲೆ) ತಿರುಗಿಬಿದ್ದರೆ ವರ್ಷದ ಲೆಕ್ಕವೇ ತಲೆಕೆಳಗು. ಶೇ. 80 ಮೇಲುಗೈ ಇದ್ದೇ ಮೂರು ಸಲ ಆಲ್ ಇನ್ ಆದರೂ ಮೂರರಲ್ಲೂ ಉಳಿಯುವುದು ಶೇ. 51 ಮಾತ್ರ.

ಆದರೆ ನಿಮ್ಮ ಪಟ್ಟಿಯಲ್ಲಿ ಒಂದು ದೋಷ ಉಂಟು. ಹೊರಬಿದ್ದ ಹ್ಯಾಂಡ್‌ಗಳನ್ನು ಮಾತ್ರ ಬರೆದರೆ ಅದು ಯಾವಾಗಲೂ ಸೋಲಿನ ಪಟ್ಟಿಯೇ. ಆರು ಸಮಬಲದ ಆಲ್ ಇನ್ ಸೋತದ್ದು ಅಲ್ಲಿ ಉಂಟು, ಅದಕ್ಕೆ ಮುಂಚೆ ಗೆದ್ದು ಮುಂದೆ ಹೋದವು ಎಷ್ಟು ಎಂದು ಇಲ್ಲ. ಕಾಲ್ ಆದ ಆಲ್ ಇನ್ ಪ್ರತಿಯೊಂದನ್ನೂ ಬರೆಯಿರಿ, ಗೆದ್ದದ್ದೂ ಸೇರಿ. ಚಿಪ್ ಒಳಗೆ ಹೋದ ಕ್ಷಣದಲ್ಲಿ ನಿಮಗೆ ಎಷ್ಟು ಶೇಕಡಾ ಇತ್ತು ಎಂದು ಉಚಿತ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿ. ರಾಣಿ ಜೋಡಿ ವಿರುದ್ಧ ಬೇರೆ ಬೇರೆ ಗುರುತಿನ (ಇಸ್ಪೀಟು, ಆಟೀನು ಇತ್ಯಾದಿ) ಏಸ್-ಕಿಂಗ್ ಆದರೆ ಜೋಡಿಗೆ 57, ಏಸ್-ಕಿಂಗ್‌ಗೆ 43. ಏಸ್ ಜೋಡಿ ವಿರುದ್ಧ ಕಿಂಗ್ ಜೋಡಿ 82ಕ್ಕೆ 18. ಈ ಶೇಕಡಾಗಳನ್ನೆಲ್ಲ ಕೂಡಿಸಿ. 30 ಆಲ್ ಇನ್‌ಗೆ ಒಟ್ಟು 15.6 ಬಂದರೆ ನಿಮಗೆ ಸಲ್ಲಬೇಕಾದ ಗೆಲುವು 15 ಅಥವಾ 16. ಅದರ ಸಹಜ ಏರಿಳಿತ ಆಚೀಚೆ 2.7. ನಿಜವಾಗಿ ಗೆದ್ದದ್ದು 13 ಆದರೆ ನಸೀಬಿನ ಮೇಲೆ ದೂರು ಹಾಕಲು ಏನೂ ಇಲ್ಲ. 10 ಆದರೆ ಹೌದು, ಎಲೆ ನಿಮಗೆ ಅನ್ಯಾಯ ಮಾಡಿದೆ. ಕೂಡಿದ ಮೊತ್ತವೇ 11 ಬಂದರೆ ನೀವು ಹಿಂದೆ ಇರುವಾಗಲೇ ಚಿಪ್ ಹಾಕುತ್ತಿದ್ದೀರಿ ಎಂದು ಅರ್ಥ, ಆಗ ದೂರು ಎಲೆಯ ಮೇಲೆ ಅಲ್ಲ.

ಇಂದ್ರಾಳಿ_ಅಣ್ಣ, ಉಡುಪಿ

ಲೆಕ್ಕದವರು ಹೇಳಿದ್ದು ಸರಿ. ಆದರೆ ನನ್ನ ಕಣ್ಣು ಹೋದದ್ದು ಆ 9ರ ಮೇಲೆ. ಏಸ್ ಜೋಡಿ ಒಡೆದದ್ದನ್ನು ಬಿಟ್ಟುಬಿಡಿ ಮಾರಾಯ್ರೆ, ಅದರಲ್ಲಿ ಕಲಿಯಲಿಕ್ಕೆ ಏನೂ ಇಲ್ಲ. 23ರಲ್ಲಿ 9 ಸಲ 12 ಬಿಬಿಗಿಂತ (ಬಿಗ್ ಬ್ಲೈಂಡ್) ಕೆಳಗೆ ಬಂದು ಸಾಯುವುದು ಎಂದರೆ ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಏನೋ ತಪ್ಪುತ್ತಿದೆ.

ಬ್ಲೈಂಡ್ 1,000/2,000, ಬಿಗ್ ಬ್ಲೈಂಡ್ ಆ್ಯಂಟಿ (ಬಿಗ್ ಬ್ಲೈಂಡ್‌ನವರು ಇಡೀ ಟೇಬಲ್ ಪರವಾಗಿ ಹಾಕುವ ಪಣ) 2,000 ಎಂದು ಇಟ್ಟುಕೊಳ್ಳಿ. ಎಲೆ ಹಂಚುವ ಮೊದಲೇ ನಡುವೆ 5,000 ಬಿದ್ದಿದೆ. ನಿಮ್ಮಲ್ಲಿ 20,000, ಅಂದರೆ 10 ಬಿಬಿ. ಒಂಬತ್ತು ಮಂದಿಯ ಟೇಬಲ್‌ನಲ್ಲಿ ಒಂದು ಸುತ್ತು ಸುಮ್ಮನೆ ಕೂತರೆ 5,000 ಹೋಯಿತು. ಕಾಲು ಭಾಗ ಸ್ಟ್ಯಾಕ್! 20 ನಿಮಿಷದ ಲೆವೆಲ್‌ನಲ್ಲಿ ಲೈವ್ ಡೀಲರ್ ಹೆಚ್ಚೆಂದರೆ ಹತ್ತು ಹ್ಯಾಂಡ್ ಹಂಚುತ್ತಾರೆ. ಅಂದರೆ ಒಂದು ಲೆವೆಲ್‌ಗೆ ಒಂದೇ ಸುತ್ತು. ಒಳ್ಳೆಯ ಎಲೆಗೆ ಕಾಯುತ್ತೇನೆ ಎಂದರೆ ಅದು ಬರುವಾಗ ನಿಮ್ಮಲ್ಲಿ 6 ಬಿಬಿ. ಆಗ ಶೋವ್ ಮಾಡಿದರೆ (ಮೊದಲ ಏಟಿಗೇ ಆಲ್ ಇನ್) ಬಿಗ್ ಬ್ಲೈಂಡ್‌ನವರು ಹೆಚ್ಚಿನ ಎಲೆಗಳಲ್ಲಿ ಕಾಲ್ ಮಾಡುತ್ತಾರೆ. ಫೋಲ್ಡ್ ಮಾಡಿಸುವ (ಎದುರಿನವರ ಎಲೆ ಬಿಡಿಸುವ) ಶಕ್ತಿಯೇ ಹೋಗಿರುತ್ತದೆ.

ಈಗ ಅದೇ 10 ಬಿಬಿಯಲ್ಲಿ ಬಟನ್‌ನಿಂದ (ಬ್ಲೈಂಡ್ ಇಬ್ಬರಿಗಿಂತ ಮುಂಚಿನ ಸೀಟು) ಶೋವ್ ಮಾಡಿ ನೋಡಿ. ಮುಂಚಿನವರೆಲ್ಲ ಫೋಲ್ಡ್. ಹಿಂದೆ ಇರುವ ಇಬ್ಬರೂ ಸೇರಿ ನೂರರಲ್ಲಿ 30 ಸಲ ಕಾಲ್ ಮಾಡುತ್ತಾರೆ ಎನ್ನಿ, ಕಾಲ್ ಆದಾಗ ನಿಮ್ಮ ಎಲೆಗೆ ಶೇ. 35 ಮಾತ್ರ ಎನ್ನಿ. 70 ಸಲ ನಿಮಗೆ 5,000 ಬರುತ್ತದೆ, ಸರಾಸರಿ 3,500. ಉಳಿದ 30 ಸಲ ಪಾಟ್ (ನಡುವಿನ ರಾಶಿ) ಸುಮಾರು 43,000, ಅದರ 35 ಪಾಲು 15,050, ನೀವು ಹಾಕಿದ್ದು 20,000. ಸಲಕ್ಕೆ 4,950 ನಷ್ಟ, 30 ಪಾಲಿಗೆ 1,485. ಕಳೆದರೆ ಸುಮಾರು 2,000 ಲಾಭ. ಹಿಂದೆ ಬಿದ್ದ ಎಲೆಯಲ್ಲೂ ಒಂದು ಇಡೀ ಬಿಗ್ ಬ್ಲೈಂಡ್ ಗಳಿಕೆ. ಫೋಲ್ಡ್ ಮಾಡಿದರೆ ಸೊನ್ನೆ.

ಇದೇ ಶೋವ್ ಮೊದಲ ಸೀಟಿನಿಂದ ಮಾಡಬೇಡಿ. ಹಿಂದೆ 8 ಮಂದಿ ಇದ್ದರೆ ಅವರಲ್ಲಿ ಒಬ್ಬರಿಗಾದರೂ ಮೇಲಿನ ಶೇ. 10ರ ಎಲೆ ಇರುವ ಸಾಧ್ಯತೆ ಶೇ. 57. ಬಟನ್‌ನಿಂದಾದರೆ ಇಬ್ಬರೇ, ಶೇ. 19. ಎಲೆ ಅದೇ, ಸೀಟು ಬೇರೆ. ನಮ್ಮ ಕಡೆಯ ಹೆಚ್ಚಿನ ಆಟಗಾರರು ಮುಂದಿನ ಸೀಟಲ್ಲಿ ಏಸ್-9 ಬಂತೆಂದು ಹಾಕುತ್ತಾರೆ, ಕಟ್‌ಆಫ್‌ನಲ್ಲಿ (ಬಟನ್‌ಗೆ ಮುಂಚಿನ ಸೀಟು) ಏಸ್-5 ಬಂದರೆ ಬಿಸಾಡುತ್ತಾರೆ. ಸರಿಯಾಗಿ ಉಲ್ಟಾ.

ಮತ್ತೊಂದು ದೊಡ್ಡ ಸೋರಿಕೆ: 11 ಬಿಬಿ ಇಟ್ಟುಕೊಂಡು 2.2 ಬಿಬಿಗೆ ರೈಸ್ ಮಾಡುವುದು (ಪಣ ಏರಿಸುವುದು), ಹಿಂದಿನಿಂದ ಶೋವ್ ಬಂದರೆ ಫೋಲ್ಡ್ ಮಾಡುವುದು. ಒಂದೇ ಏಟಿಗೆ ಸ್ಟ್ಯಾಕ್‌ನ ಐದನೇ ಒಂದು ಭಾಗ ಹೋಯಿತು. ಆ ಆಳದಲ್ಲಿ ರೈಸ್ ಮಾಡಿದ ಎಲೆಯನ್ನು ಬಿಡುವುದಿಲ್ಲ ಎಂದಿದ್ದರೆ ಮಾತ್ರ ರೈಸ್, ಇಲ್ಲವಾದರೆ ನೇರ ಶೋವ್ ಅಥವಾ ನೇರ ಫೋಲ್ಡ್.

ಅಭ್ಯಾಸಕ್ಕೆ ದುಡ್ಡು ಬೇಡ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಕಾಯ್ದೆಯ ಮೇಲೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ನಿಂತಿದೆ, ಹಾಗಾಗಿ ಮೊದಲಿನಂತೆ ಸಣ್ಣ ಎಂಟ್ರಿಯಲ್ಲಿ ಸಾವಿರಾರು ಹ್ಯಾಂಡ್ ಆಡಿ ಕೈ ಪಳಗಿಸುವ ದಾರಿ ಇಲ್ಲ. ಮನೆಯಲ್ಲಿ ಒಂದು ಕಟ್ಟು ಇಸ್ಪೀಟು ಸಾಕು. ಎರಡೆರಡು ಎಲೆ ತೆಗೆಯಿರಿ, ಸೀಟು ಒಂದು, ಸ್ಟ್ಯಾಕ್ ಒಂದು ಚೀಟಿ ಎತ್ತಿ ನಿರ್ಧರಿಸಿ, 6, 8, 10, 12, 15 ಬಿಬಿ. ಶೋವ್ ಅಥವಾ ಫೋಲ್ಡ್ ಎಂದು ಬರೆದಿಡಿ, 50 ಹ್ಯಾಂಡ್ ಆದ ಮೇಲೆ ಶೋವ್-ಫೋಲ್ಡ್ ಚಾರ್ಟ್ (ಯಾವ ಸೀಟಿನಲ್ಲಿ, ಎಷ್ಟು ಬಿಬಿಗೆ, ಯಾವ ಎಲೆ ಹಾಕುವುದು ಎಂಬ ಪಟ್ಟಿ) ಇಟ್ಟು ತಾಳೆ ನೋಡಿ. ಎಲ್ಲಿ ತಪ್ಪುತ್ತಿದೆ ಎನ್ನುವುದು ಮೂರನೇ ದಿನಕ್ಕೆ ತಾನಾಗಿ ಕಾಣುತ್ತದೆ. ಹೆಚ್ಚಾಗಿ ಬಟನ್ ಮತ್ತು ಸ್ಮಾಲ್ ಬ್ಲೈಂಡ್‌ನಲ್ಲಿ ಬಿಗಿ ಆಡಿದ್ದು, ಬಿಗ್ ಬ್ಲೈಂಡ್‌ನಲ್ಲಿ ಸಡಿಲ ಕಾಲ್ ಮಾಡಿದ್ದು.

ಆ ಎರಡು ಬ್ಲಫ್ ಬಗ್ಗೆ ಒಂದೇ ಮಾತು: ಸಣ್ಣ ಎಂಟ್ರಿಯ ಲೈವ್‌ನಲ್ಲಿ ಮೊದಲ ಗಂಟೆ ಯಾರೂ ಜೋಡಿ ಬಿಡುವುದಿಲ್ಲ.

ಪಾಂಡೇಶ್ವರ_77

ಇಬ್ಬರೂ ಚಿಪ್ ಲೆಕ್ಕ ಹೇಳಿದರು, ರೂಪಾಯಿ ಲೆಕ್ಕ ಯಾರೂ ಹೇಳಲಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ.

24 ಎಂಟ್ರಿಗೆ 11,500ರಂತೆ 2,76,000. ಬಹುಮಾನದ ರಾಶಿಗೆ ಹೋಗುವುದು ಎಂಟ್ರಿಗೆ 10,000 ಮಾತ್ರ. ಅಂದರೆ ಸರಾಸರಿ ಆಟಗಾರನಿಗೆ ಹಿಂದೆ ಬರುವುದು 2,40,000. ಫೀಸಿಗೇ 36,000 ಹೋಯಿತು.

ಇನ್ನು ತೆರಿಗೆ. ಇಸ್ಪೀಟಿನ ಗೆಲುವಿಗೆ ನೇರ ಶೇ. 30, ಸೆಸ್ ಸೇರಿ 31.2. ಬಹುಮಾನ 10,000 ದಾಟಿದರೆ ಕೊಡುವಾಗಲೇ ಶೇ. 30 ಹಿಡಿದುಕೊಳ್ಳುತ್ತಾರೆ. ಸೋತ ಎಂಟ್ರಿಗಳನ್ನು ಗೆಲುವಿನಿಂದ ಕಳೆಯಲು ಬಿಡುವುದಿಲ್ಲ, ಬಸ್ಸು-ರೂಮು ಖರ್ಚೂ ಇಲ್ಲ. ಬೇರೆ ಆದಾಯ ಇಲ್ಲದವರಿಗೂ ಇದೇ ದರ. ನಿಮ್ಮ 18,000 ಕ್ಯಾಶ್ ತೆಗೆದುಕೊಳ್ಳಿ. ಕೈಗೆ ಬಂದದ್ದು 12,600. ಎಂಟ್ರಿ 11,500 ಕಳೆದರೆ ಉಳಿದದ್ದು 1,100. ಮಂಗಳೂರಿನಿಂದ ಹೋಗಿ ಬರುವ ಖರ್ಚಿಗೆ ಸಾಲುತ್ತದಾ?

ಈಗ ಒಳ್ಳೆಯ ಆಟಗಾರನನ್ನೇ ತೆಗೆದುಕೊಳ್ಳಿ, ಹಾಕಿದ ನೂರಕ್ಕೆ 130 ತರುವವನು. 2,76,000ಕ್ಕೆ 3,58,800 ತಂದ. ಶೇ. 31.2 ತೆರಿಗೆ ಹೋಗಿ ಉಳಿದದ್ದು 2,46,854. ನಷ್ಟ 29,000ಕ್ಕಿಂತ ಜಾಸ್ತಿ. ಸಮ ಆಗಬೇಕಾದರೆ ನೂರಕ್ಕೆ 145ಕ್ಕಿಂತ ಹೆಚ್ಚು ತರಬೇಕು. ಹಾಗೆ ತರುವವರು ಇಲ್ಲ ಎನ್ನುವುದಿಲ್ಲ, ಆದರೆ ಅದು ಬರೀ ಒಳ್ಳೆಯ ಆಟಗಾರನ ಮಟ್ಟ ಅಲ್ಲ. ಆದ್ದರಿಂದ ಸೋಲಿನ ಸರಣಿ ಮುಗಿದ ಮೇಲೆ ಹಾಕಿದ ದುಡ್ಡು ತಾನಾಗಿ ಹಿಂದೆ ಬರುತ್ತದೆ ಎಂದು ಯಾರೂ ಎಣಿಸಬಾರದು. ಸರಣಿ ಮುಗಿಯಬಹುದು, ಫೀಸೂ ತೆರಿಗೆಯೂ ಮುಗಿಯುವುದಿಲ್ಲ. ಹಿಡಿದ ತೆರಿಗೆ ನಿಮ್ಮ ಪ್ಯಾನ್‌ನ ತೆರಿಗೆ ಪಟ್ಟಿಯಲ್ಲಿ (26ಎಎಸ್) ಕಾಣುತ್ತದಾ ಎಂದು ನೋಡಿಕೊಳ್ಳಿ, ರಿಟರ್ನ್ ತುಂಬುವಾಗ ನಿಮ್ಮ ಲೆಕ್ಕಪರಿಶೋಧಕರಿಗೆ ಬಿಡಿಸಿ ಹೇಳಿ.

ಕಂಕನಾಡಿ_ಲೆಕ್ಕ

ಪಾಂಡೇಶ್ವರದವರ ಲೆಕ್ಕ ಪರೀಕ್ಷಿಸಿದೆ, ಸರಿ ಉಂಟು. ನಾನು ಆಟದ ಮಟ್ಟದ ಪ್ರಶ್ನೆಗೆ ಉತ್ತರ ಕೊಟ್ಟದ್ದು, ಇದು ಸಂಪಾದನೆಯ ಪ್ರಶ್ನೆಗೆ. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಬೇಕು. ಚೆನ್ನಾಗಿ ಆಡಬೇಕು ಎನ್ನುವವರು ಇದನ್ನು ಖರ್ಚಿನ ಹವ್ಯಾಸ ಎಂದು ವರ್ಷಕ್ಕೆ ಇಂತಿಷ್ಟು ಎಂದು ಕಟ್ಟಿಟ್ಟು ಆಡಲಿ. ಜೀವನಕ್ಕೆ ಇದೇ ದಾರಿ ಎಂದು ಹೊರಡುವವರಿಗೆ ನನ್ನ ಅಂಕಿಗಳಿಗಿಂತ ಅವರ ಅಂಕಿಗಳು ಮುಖ್ಯ.

ಮಲ್ಪೆ_ತೀರ

ಸೋಲಿನ ಸರಣಿಯಲ್ಲಿ ದುಡ್ಡು ಎಲ್ಲಿಂದ ಸೋರುತ್ತದೆ ಎಂದು ನೋಡಿದರೆ ಅರ್ಧ ಭಾಗ ಮಂಡೆ ಬಿಸಿಯಿಂದ. ಅದಕ್ಕೂ ಲೆಕ್ಕ ಉಂಟು.

ಮೊದಲನೆಯದು ರೀ-ಎಂಟ್ರಿ. 8ನೇ ಲೆವೆಲ್‌ನಲ್ಲಿ ಬ್ಲೈಂಡ್ 500/1,000 ಆಗಿರುವಾಗ ಹೊರಬಿದ್ದು ಸಿಟ್ಟಿನಲ್ಲಿ ಮತ್ತೆ 11,500 ಕಟ್ಟಿದರೆ ಸಿಗುವುದು 20 ಬಿಬಿ. ಮೊದಲ ಲೆವೆಲ್‌ನಲ್ಲಿ ಕೂತವರಿಗೆ ಸಿಕ್ಕ ಆಳದ ಆಟ ನಿಮಗಿಲ್ಲ, ಫೀಸು ಮಾತ್ರ ಪೂರ್ತಿ. ಪ್ರತಿ ಟೂರ್ನಮೆಂಟ್‌ಗೆ ಎಷ್ಟು ಎಂಟ್ರಿ ಎಂದು ಊರು ಬಿಡುವ ಮುಂಚೆ ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳಿ. ಟೇಬಲ್ ಹತ್ತಿರ ನಿಂತು ಆ ತೀರ್ಮಾನ ಮಾಡುವುದಲ್ಲ. ಹೊರಬಿದ್ದ ಮೇಲೆ ಕನಿಷ್ಠ 15 ನಿಮಿಷ ಹೊರಗೆ ನಡೆದು ಬನ್ನಿ, ರೀ-ಎಂಟ್ರಿ ಸಮಯ ಅಷ್ಟರೊಳಗೆ ಮುಗಿದರೆ ಮುಗಿಯಲಿ.

ಎರಡನೆಯದು ಟೂರ್ನಮೆಂಟ್‌ನಿಂದ ಎದ್ದು ನೇರ ರೂಲೆಟ್, ಅಂದರ್-ಬಾಹರ್ ಟೇಬಲಿಗೆ ಹೋಗುವುದು. ಕೋಳಿ ಅಂಕದ ಬದಿಯಲ್ಲಿ ಕೂರುವ ಉಳಾಯಿ-ಪಿದಾಯಿಯೇ ಅದು, ದೀಪ ಮಾತ್ರ ಜಾಸ್ತಿ. ಒಂದು ಸೊನ್ನೆಯ ರೂಲೆಟ್‌ನಲ್ಲಿ ಇಟ್ಟ ಪ್ರತಿ ನೂರಕ್ಕೆ 2.70 ಮನೆಯವರಿಗೆ. ಅಲ್ಲಿ ಯಾವ ಚಾರ್ಟ್ ಕಲಿತರೂ ಪ್ರಯೋಜನ ಇಲ್ಲ. ಪೋಕರ್ ನಷ್ಟ ಎಂದು ಬರೆದಿಟ್ಟ ಎಷ್ಟೋ ದುಡ್ಡು ನಿಜವಾಗಿ ಹೋಗುವುದು ಅಲ್ಲಿ. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಬೇರೆ ಕಾಲಂ ಹಾಕಿ.

ಮೂರನೆಯದು ನಿದ್ದೆ. ರಾತ್ರಿ ಬಸ್ಸಲ್ಲಿ ಕೂತು ಬೆಳಿಗ್ಗೆ ಪಣಜಿ ಇಳಿದು ಮಧ್ಯಾಹ್ನ ಟೇಬಲಿಗೆ ಕೂತರೆ ಬಬಲ್ ಬರುವುದು ರಾತ್ರಿ ಹತ್ತು-ಹನ್ನೊಂದಕ್ಕೆ. ಆಗ ಎದುರಿನವರ ಸ್ಟ್ಯಾಕ್ ಎಣಿಸುವಷ್ಟು ಮಂಡೆ ಓಡುವುದಿಲ್ಲ. ಹಿಂದಿನ ದಿನ ಮಧ್ಯಾಹ್ನದ ಮತ್ಸ್ಯಗಂಧದಲ್ಲಿ ಮಡಗಾಂವ್‌ಗೆ ಹೋಗಿ ಅಲ್ಲೇ ಮಲಗಿ. ರೂಮಿಗೆ ಕೊಡುವ ದುಡ್ಡು ಒಂದು ಕೆಟ್ಟ ಕಾಲ್‌ಗಿಂತ ಕಡಿಮೆ.

ಮತ್ತೊಂದು ಮಾತು, ಇದನ್ನು ಓದುವ ಯಾರಿಗಾದರೂ: ಸಾಲ ಮಾಡಿ ಎಂಟ್ರಿ ಕಟ್ಟುವುದು, ಮನೆಯವರಿಗೆ ಮೊತ್ತ ಕಡಿಮೆ ಹೇಳುವುದು, ಹೋದದ್ದನ್ನು ಇವತ್ತೇ ತರಬೇಕು ಎಂದು ಕೂರುವುದು ಶುರುವಾದರೆ ಅದು ಪೋಕರ್‌ನ ಪ್ರಶ್ನೆ ಅಲ್ಲ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡುತ್ತಾರೆ.

ಬಿಜೈ_ಬಟನ್

ಎಲ್ಲರಿಗೂ ಉಪಕಾರ ಆಯಿತು. ಇಂದ್ರಾಳಿ ಅಣ್ಣ, ಆ 9ನ್ನು ಮತ್ತೆ ಕೆದಕಿದೆ. ನೆನಪಿರುವ 7ರಲ್ಲಿ 5 ಸಲ ಅದಕ್ಕೆ ಮುಂಚಿನ ಒಂದೆರಡು ಸುತ್ತಿನಲ್ಲಿ ಬಟನ್ ಅಥವಾ ಕಟ್‌ಆಫ್‌ನಲ್ಲಿ ಎಲ್ಲರೂ ಫೋಲ್ಡ್ ಮಾಡಿ ಬಂದದ್ದನ್ನು ಬಿಟ್ಟದ್ದು ಉಂಟು. ಕಿಂಗ್-9, ಏಸ್-4, ಒಂದು ಸಲ ನಾಲ್ಕರ ಜೋಡಿ ಕೂಡ.

ಇನ್ನೊಂದು ಪ್ರಶ್ನೆ, ಮೇಲಿನ ಲೆಕ್ಕಕ್ಕೆ ಸೇರದ ಒಂದು ಸ್ಯಾಟಲೈಟ್ (ದೊಡ್ಡ ಟೂರ್ನಮೆಂಟ್‌ನ ಟಿಕೆಟ್ಟೇ ಬಹುಮಾನ). 4 ಮಂದಿ ಉಳಿದದ್ದು, ಟಿಕೆಟ್ 3, ಎಲ್ಲರ ಸ್ಟ್ಯಾಕ್ ಹೆಚ್ಚುಕಡಿಮೆ ಸಮ. ಸ್ಮಾಲ್ ಬ್ಲೈಂಡ್‌ನವರು ಎಲೆ ನೋಡದೆಯೇ ಆಲ್ ಇನ್ ಹಾಕಿದರು. ಬಿಗ್ ಬ್ಲೈಂಡ್‌ನಲ್ಲಿ ನಾನು, ಕೈಯಲ್ಲಿ ಏಸ್-ಕಿಂಗ್. ಕಾಲ್ ಮಾಡಿ ಸೋತದ್ದು. ಇದು ನಸೀಬಿನ ಪಟ್ಟಿಗಾ, ತಪ್ಪಿನ ಪಟ್ಟಿಗಾ?

ಇಂದ್ರಾಳಿ_ಅಣ್ಣ, ಉಡುಪಿ

ತಪ್ಪಿನ ಪಟ್ಟಿಗೆ. ಗೆದ್ದಿದ್ದರೂ ತಪ್ಪಿನ ಪಟ್ಟಿಗೇ.

ನಾಲ್ವರ ಸ್ಟ್ಯಾಕ್ ಸಮ, ಟಿಕೆಟ್ ಮೂರು. ಸುಮ್ಮನೆ ಕೂತರೆ ನಿಮ್ಮ ಪಾಲು ಮುಕ್ಕಾಲು ಟಿಕೆಟ್. ಕಾಲ್ ಮಾಡಿ ಗೆದ್ದರೆ ಒಂದು ಟಿಕೆಟ್, ಅದಕ್ಕಿಂತ ಹೆಚ್ಚಿಲ್ಲ, ಚಿಪ್ ಎರಡರಷ್ಟಾದರೂ ಟಿಕೆಟ್ ಎರಡಾಗುವುದಿಲ್ಲ. ಸೋತರೆ ಸೊನ್ನೆ. ಹಾಗಾಗಿ ಕಾಲ್‌ಗೆ ಕನಿಷ್ಠ ಶೇ. 75 ಬೇಕು. ಯಾವುದೇ ಎರಡು ಎಲೆಯ ವಿರುದ್ಧ ಏಸ್-ಕಿಂಗ್‌ಗೆ ಇರುವುದು 65, ಒಂದೇ ಗುರುತಿನದ್ದಾದರೆ 67. ಹತ್ತರ ಜೋಡಿಗೆ ಸರಿಸುಮಾರು 75. ಗುಲಾಮನ ಜೋಡಿಯಿಂದ ಮೇಲೆ ಮಾತ್ರ ಕಾಲ್. ಕಣ್ಣು ಮುಚ್ಚಿ ಹಾಕಿದವರ ವಿರುದ್ಧವೇ ಇಷ್ಟು, ನೋಡಿ ಹಾಕಿದವರಾದರೆ ಇನ್ನೂ ಬಿಗಿ. ಮಾಮೂಲಿ ಟೂರ್ನಮೆಂಟ್‌ನ ಬಬಲ್‌ನಲ್ಲಿ ಇಷ್ಟು ತೀವ್ರ ಇಲ್ಲ, ಆದರೂ ದಿಕ್ಕು ಅದೇ. ನಿಮ್ಮ ಆ 3 ಬಬಲ್ ಕಾಲ್‌ಗಳನ್ನು ಐಸಿಎಂ ಕ್ಯಾಲ್ಕುಲೇಟರ್‌ನಲ್ಲಿ (ಚಿಪ್‌ಗೆ ಬಹುಮಾನದ ಬೆಲೆ ಎಷ್ಟೆಂದು ತೋರಿಸುವುದು) ಹಾಕಿ. ನಿಮ್ಮನ್ನು ಪೂರ್ತಿ ಮುಗಿಸಬಲ್ಲ ದೊಡ್ಡ ಸ್ಟ್ಯಾಕ್ ವಿರುದ್ಧ ಕಾಲ್ ಮಾಡಿದ್ದಾದರೆ ಎರಡಾದರೂ ತಪ್ಪು ಎಂದು ಬರುತ್ತದೆ ಎಂದು ನನಗೆ ಅನಿಸುವುದು.

ಇನ್ನು ಮುಂದೆ ನೆನಪಿನ ಮೇಲೆ ಬಿಡಬೇಡಿ. ಬ್ರೇಕ್‌ನಲ್ಲಿ ಅಥವಾ ಫೋಲ್ಡ್ ಮಾಡಿ ಟೇಬಲ್‌ನಿಂದ ಎದ್ದು ನಿಂತು ಸಣ್ಣ ಪುಸ್ತಕದಲ್ಲಿ ಒಂದೊಂದು ಸಾಲು ಬರೆಯಿರಿ, ಹ್ಯಾಂಡ್ ನಡುವೆ ಫೋನ್ ತೆಗೆಯಲು ಬಿಡುವುದಿಲ್ಲ. ಹೀಗೆ:

ಲೆವೆಲ್ 9 / 600-1,200 / ಉಳಿದವರು 31, ಬಹುಮಾನ 14 / ನನ್ನದು 11 ಬಿಬಿ, ಅವರದು 26 / ಕಟ್‌ಆಫ್ / ಏಸ್-5 / ಶೋವ್ / ಬಟನ್ ಕಾಲ್, 8ರ ಜೋಡಿ / ಗೆಲುವು ಅಥವಾ ಸೋಲು.

ಬಟನ್, ಕಟ್‌ಆಫ್, ಸ್ಮಾಲ್ ಬ್ಲೈಂಡ್‌ನಲ್ಲಿ 15 ಬಿಬಿಗಿಂತ ಕೆಳಗೆ ಇರುವಾಗ ಫೋಲ್ಡ್ ಮಾಡಿದ್ದನ್ನೂ ಇದೇ ರೀತಿ ಬರೆಯಿರಿ, ಕೊನೆಯ ಎರಡು ಮನೆ ಖಾಲಿ ಬಿಡಿ. ಹತ್ತು ಎಂಟ್ರಿ ಆದ ಮೇಲೆ ಆ ಸಾಲುಗಳನ್ನು ಇಲ್ಲಿ ಹಾಕಿ, ಒಂದೊಂದಾಗಿ ನೋಡುವ.